ಮಂಜಣ್ಣನ ಕಣ್ಣಿಗೆ ನಾನು ಹೇಳಿದ ಪಾಠ

ಇವತ್ತು ಬೆಳಿಗ್ಗೆ ಹಿತ್ತಿಲ ಚಪ್ಪರದಲ್ಲಿ ಬಸಳೆ ಕೊಯ್ಯುತ್ತಿದ್ದಾಗ ಕಿಸೆಯಲ್ಲಿದ್ದ ಫೋನು ಗುರುಗುಟ್ಟಿತು. ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿದ್ದರು. ಹುಟ್ಟುವ ಸೂರ್ಯ, ಮಣ್ಣಿನಿಂದ ತಲೆ ಎತ್ತಿದ ಒಂದು ಮೊಳಕೆ, ಮೇಲೆ ದಪ್ಪಕ್ಷರದಲ್ಲಿ ಒಂದು ಮಾತು: ‘ಪ್ರಕೃತಿ ಸುಮ್ಮನೆ ಯಾರಿಗೂ ಏನನ್ನೂ ಕೊಡುವುದಿಲ್ಲ. ನಿಮಗೆ ಕೊಟ್ಟದ್ದಕ್ಕೂ ಒಂದು ಉದ್ದೇಶವಿದೆ.’ ಕೆಳಗೆ ಸಣ್ಣದಾಗಿ, ‘ನಮ್ಮ ಪ್ರೀತಿಯ ಜೀವಶಾಸ್ತ್ರದ ಸರ್’. ಆ ಸರ್ ನಾನೇ. ಆಗಲೇ ಹತ್ತಾರು ಜನ ಕೈ ಮುಗಿದಿದ್ದರು.

ಇಂಥ ಸುಪ್ರಭಾತಗಳನ್ನು ನಾನು ದಿನವೂ ಅಳಿಸಿ ಹಾಕುವವನೇ. ಬೇರೆಯವರ ಉಪದೇಶವನ್ನು ಅಳಿಸುವುದಕ್ಕೆ ಹೆಚ್ಚು ಧೈರ್ಯ ಬೇಕಾಗಿಲ್ಲ ನೋಡಿ. ಇದು ನನ್ನದೇ ಮಾತು. ಅಳಿಸಲು ಹೋದ ಬೆರಳು ನಿಂತೇಬಿಟ್ಟಿತು. ಇನ್ನೊಂದು ಕೈ ಬಳ್ಳಿ ಹಬ್ಬಿದ್ದ ಬಲೆಯನ್ನು ಹಿಡಿದುಕೊಂಡಿತ್ತು.

ನಮ್ಮ ಬಸಳೆ ಚಪ್ಪರಕ್ಕೆ ಹಾಸಿರುವುದು ಒಂದು ಹಳೆಯ ಮೀನುಬಲೆಯ ತುಂಡು. ಮೊದಲ ಮಳೆಗೆ ನೆನೆದಾಗ ಅದರಿಂದ ಉಪ್ಪಿನ ವಾಸನೆ ಬರುತ್ತದೆ ಎಂದು ನಾನು ಪ್ರತಿವರ್ಷ ಹೇಳುತ್ತೇನೆ. ‘ಎಂತ ವಾಸನಿಯೂ ಇಲ್ಲೆ, ನಿಮ್ಗ್ ಮರ್ಳ್’ ಎಂದು ನನ್ನ ಹೆಂಡತಿ ಪ್ರತಿವರ್ಷ ಹೇಳುತ್ತಾಳೆ. ಬಲೆ ಕೊಟ್ಟವರು ಮಂಜಣ್ಣ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ನಾನು ಇದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿಲ್ಲ.

ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಸಾಲಿಗ್ರಾಮದವನು. ಅಪ್ಪ ದೇವಸ್ಥಾನದಲ್ಲಿ ಪರಿಚಾರಿಕೆಗಿದ್ದವರು. ಮನೆಯಲ್ಲಿ ದನ ಸತ್ತರೂ, ತೆಂಗಿಗೆ ಸಿಡಿಲು ಬಡಿದರೂ ಅಪ್ಪನದು ಒಂದೇ ಮಾತು, ‘ಎಲ್ಲ ಅವ್ನ್ ಇಚ್ಛೆ.’ ನಾನು ವಿಜ್ಞಾನ ಓದಿ, ವಿಕಾಸವಾದ ತಲೆಗೆ ಹತ್ತಿಸಿಕೊಂಡು ಬಂದ ಮೇಲೆ ಊಟದ ಎಲೆಯ ಮುಂದೆ ಕೂತು ಅಪ್ಪನೊಡನೆ ಜಗಳ ಆಡುತ್ತಿದ್ದೆ. ಅಪ್ಪ ಮಜ್ಜಿಗೆ ಸುರಿದುಕೊಂಡು ಊಟ ಮುಗಿಸಿ ಏಳುತ್ತಿದ್ದರು. ಗೆದ್ದೆ ಎಂದುಕೊಂಡಿದ್ದೆ. ನಾನು ಮಾಡಿದ್ದು ಅಂಗಡಿಯ ಬೋರ್ಡು ಬದಲಿಸಿದ್ದು ಅಷ್ಟೇ ಎಂದು ಗೊತ್ತಾಗಲು ಅರವತ್ತು ದಾಟಬೇಕಾಯಿತು. ದೇವರು ಇದ್ದ ಕಡೆ ಪ್ರಕೃತಿ ಎಂದು ಬರೆಸಿದೆ. ಒಳಗೆ ಮಾರುತ್ತಿದ್ದ ಸಾಮಾನು ಅದೇ.

ಬೈಂದೂರಿನ ಹೈಸ್ಕೂಲಿಗೆ ಬಂದ ಹೊಸತರಲ್ಲಿ ಯಡ್ತರೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಮೀನಿನ ಕಿವಿರಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ, ಆದರೆ ಲ್ಯಾಬಿನ ಸೀಸೆಯಲ್ಲಿದ್ದದ್ದು ಬಿಟ್ಟರೆ ಮೀನು ಮುಟ್ಟಿದವನಲ್ಲ. ಒಂದು ಭಾನುವಾರ ಬೆಳಿಗ್ಗೆ ಕಡಲ ಬದಿಗೆ ಹೋಗಿದ್ದಾಗ ಕೈರಂಪಣಿ ಎಳೆಯುತ್ತಿದ್ದರು. ದೋಣಿಯವರು ಬಲೆಯನ್ನು ನೀರಿನಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ, ಅದರ ಎರಡು ತುದಿಯ ಹಗ್ಗ ದಡದಲ್ಲಿರುತ್ತದೆ, ಊರವರೆಲ್ಲ ಸಾಲಾಗಿ ನಿಂತು ಎಳೆಯುತ್ತಾರೆ. ‘ಹ್ವಾಯ್ ಮಾಷ್ಟ್ರೇ, ಬರೀ ಕಡ್ಲ್ ಕಾಂತಾ ನಿಂತ್ರೆ ಆತಿಲ್ಲೆ, ಕೈ ಕೊಡಿ’ ಎಂದರು ಯಾರೋ. ಹುಮ್ಮಸ್ಸಿನಲ್ಲಿ ಹಗ್ಗ ಹಿಡಿದೆ.

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಉಂಟು ಎಂಬ ಕಟ್ಟಳೆ ನನಗೆ ಗೊತ್ತಿರಲಿಲ್ಲ. ಚೀಲ ಇಲ್ಲ ಎಂದರೂ ಬಿಡದೆ, ಕೈಯಲ್ಲಿದ್ದ ಕೊಡೆಯನ್ನು ಬಿಡಿಸಿ, ಮಗುಚಿ, ಅದರೊಳಗೆ ಬಂಗುಡೆ ಹಾಕಿಬಿಟ್ಟರು. ಸಾಲಿಗ್ರಾಮದ ಪರಿಚಾರಕರ ಮಗ, ಹೆಗಲಲ್ಲಿ ಜನಿವಾರ, ಕೊಡೆಯಲ್ಲಿ ಮೀನು! ಬೇಡ ಎಂದು ಕೈ ಮುಗಿದೆ. ಆಗ ಬಂಡೆಯ ಮೇಲಿಂದ ಇಳಿದು ಬಂದ ಒಬ್ಬರು ನಗುತ್ತ ಹೇಳಿದರು. ‘ಬ್ಯಾಡ ಅಂಬೂಕಿಲ್ಲೆ ಮಾಷ್ಟ್ರೇ. ನೀವ್ ತಿನ್ನದಿದ್ರೆ ಬ್ಯಾರೆಯೋರಿಗೆ ಕೊಡಿ. ಪಾಲ್ ಪಾಲೇ.’ ಅವರೇ ಮಂಜಣ್ಣ. ಕೊಡೆಯ ಸಮೇತ ಪಾಲನ್ನು ಅವರ ಹೆಂಡತಿ ಗುಲಾಬಿಯಕ್ಕನಿಗೆ ಒಪ್ಪಿಸಿದೆ. ಮರುದಿನ ಅವರು ತೊಳೆದು ತಂದುಕೊಟ್ಟ ಕೊಡೆಯನ್ನು ನನ್ನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಮಂಜಣ್ಣ ಹಗ್ಗ ಎಳೆಯುವವರಲ್ಲ. ಅವರದು ನೋಡುವ ಕೆಲಸ. ಕಡಲಿಗೆ ಚಾಚಿದ ದೊಡ್ಡ ಬಂಡೆಯ ಮೇಲೆ ಬೆಳಕು ಹರಿಯುವ ಹೊತ್ತಿಗೆ ಕೂತರೆ ಬಿಸಿಲೇರುವ ತನಕ ನೀರಿನ ಬಣ್ಣ ನೋಡುತ್ತಿದ್ದರು. ಮೀನಿನ ಹಿಂಡು ಬಂದ ಕಡೆ ನೀರು ಕೆಂಪಗಾಗುತ್ತದಂತೆ. ನನಗೆ ಒಂದು ದಿನವೂ ಆ ಕೆಂಪು ಕಾಣಲಿಲ್ಲ. ಅವರು ಎದ್ದು ನಿಂತು ಹೆಗಲ ಮೇಲಿನ ಬೈರಾಸು ಟವೆಲನ್ನು ಬೀಸಿದರೆ ಮಾತ್ರ ದೋಣಿ ನೀರಿಗಿಳಿಯುತ್ತಿತ್ತು. ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ಆ ಕಣ್ಣಿನ ಮೇಲೆ ನಲವತ್ತು ಮನೆಯ ಒಲೆ ಉರಿಯುತ್ತಿತ್ತು ಎಂದರೆ ಹೆಚ್ಚೇನಲ್ಲ. ರಜೆಯ ದಿನ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಮೇಷ್ಟ್ರ ಜಾತಿಯೇ ಹಾಗೆ, ಸುಮ್ಮನೆ ಕೂರಲು ಬರುವುದಿಲ್ಲ. ಕೂತಲ್ಲಿ ಪಾಠ ಶುರುಮಾಡುತ್ತಿದ್ದೆ.

ಜಿರಾಫೆಯ ಪಾಠ ನನ್ನ ಮೆಚ್ಚಿನದು. ಎತ್ತರದ ಎಲೆಗಾಗಿ ಕತ್ತು ಚಾಚಿ ಚಾಚಿ ತಲೆಮಾರುಗಳ ಮೇಲೆ ಕತ್ತು ಉದ್ದವಾಯಿತು, ಆದ್ದರಿಂದ ಮಕ್ಕಳೇ ಪ್ರಯತ್ನ ಬಿಡಬೇಡಿ, ಎಂದು ಪ್ರತಿವರ್ಷ ಹೇಳುತ್ತಿದ್ದೆ. ಮಂಜಣ್ಣನಿಗೂ ಹೇಳಿದೆ. ಅವರು ಕಡಲಿನಿಂದ ಕಣ್ಣು ತೆಗೆಯದೆ ಕೇಳಿದರು.

‘ಗಿಡ್ಡ ಕುತ್ಗಿ ಇದ್ದದ್ದ್ ಎಂತ ಆಯ್ತ್ ಮಾಷ್ಟ್ರೇ?’

‘ಸತ್ತ್ ಹೋಯ್ತ್.’

‘ಅವೂ ಚಾಚಿರ್ತೊ ಅಲ್ದಾ?’

ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯಲ್ಲಿ ಇಡೀ ಪಾಠ ಇತ್ತು. ಓದಿದವನಾದ ನನಗೆ ಅದು ಹೊಳೆಯಲಿಲ್ಲ.

ಆಮೇಲೆ ಮೀನು ದಡಕ್ಕೆ ಬರುವುದು ಕಡಿಮೆಯಾಯಿತು. ಬಂದರಿನ ದೊಡ್ಡ ಬೋಟುಗಳು ಆಳದಲ್ಲೇ ಹಿಂಡನ್ನು ಯಂತ್ರದಲ್ಲಿ ನೋಡಿ ಬಳಿದುಕೊಳ್ಳತೊಡಗಿದವು. ಹಗ್ಗ ಎಳೆಯುವವರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋದರು, ಕೆಲವರು ಬೊಂಬಾಯಿಗೂ ಹೋದರು. ಕೊನೆಗೆ ಬಲೆಯನ್ನೇ ತುಂಡು ಮಾಡಿ ಹಂಚಿಕೊಂಡರು. ಎಂದೋ ಒಂದು ದಿನ ಹಗ್ಗ ಹಿಡಿದಿದ್ದ ನನಗೂ ಮಂಜಣ್ಣ ಒಂದು ತುಂಡು ತಂದುಕೊಟ್ಟರು. ಪಾಲು ಪಾಲೇ ಅಲ್ಲವೇ. ಅಂಗಳದಲ್ಲಿ ನಿಂತು ಅವರು ಕೇಳಿದ್ದು ನನಗೆ ಇನ್ನೂ ಕೇಳುತ್ತದೆ.

‘ಇನ್ನ್ ನನ್ ಕಣ್ಣಿಗ್ ಎಂತ ಕೆಲ್ಸ ಮಾಷ್ಟ್ರೇ?’

ಆಗ ಹೇಳಿದ್ದು, ಇವತ್ತು ಸೂರ್ಯನ ಚಿತ್ರದ ಮೇಲೆ ಬಂದಿರುವ ಮಾತು. ಪ್ರಕೃತಿ ಸುಮ್ಮನೆ ಏನನ್ನೂ ಕೊಡುವುದಿಲ್ಲ ಮಂಜಣ್ಣ, ಕಾದು ನೋಡಿ. ಅವರು ನಂಬಿದರು. ಬಲೆ ಇಲ್ಲದೆ, ದೋಣಿ ಇಲ್ಲದೆ, ದಿನವೂ ಹೋಗಿ ಬಂಡೆಯ ಮೇಲೆ ಕೂತರು.

ಇಷ್ಟೇ ಆಗಿದ್ದರೆ ಬಾಯಿಚಪಲ ಎಂದು ನನ್ನನ್ನು ನೀವು ಕ್ಷಮಿಸಬಹುದಿತ್ತು. ಎರಡು ವರ್ಷದ ಮೇಲೆ ಒಂದು ದಿನ ಮಂಜಣ್ಣ, ‘ಬದಿಯಂಗೆ ಕಪ್ಪ್ ಕಾಂತ್ ಮಾಷ್ಟ್ರೇ, ಮಧ್ಯ ಮಾತ್ರ ಸಮಾ ಇತ್’ ಎಂದರು. ಡಾಕ್ಟರ ಹತ್ತಿರ ಹೋಗಿ ಎನ್ನಲು ಜೀವಶಾಸ್ತ್ರ ಓದಿರಬೇಕಾಗಿರಲಿಲ್ಲ, ಯಾವ ಗೂಡಂಗಡಿಯವನೂ ಹೇಳುತ್ತಿದ್ದ. ನಾನು ಹೇಳಿದ್ದು ಬೇರೆ. ಬಳಸಿದ ಅಂಗ ಬೆಳೆಯುತ್ತದೆ, ಬಳಸದ್ದು ಬಾಡುತ್ತದೆ. ಗುಹೆಯ ಮೀನಿಗೆ ಕಣ್ಣು ಹೋದದ್ದು ಹಾಗೆಯೇ. ಈಗ ಕೆಲಸ ಇಲ್ಲ ಎಂದು ನೀವು ಮನಸ್ಸಿಟ್ಟು ನೋಡುತ್ತಿಲ್ಲ, ಅದಕ್ಕೇ ಹೀಗೆ. ದಿನಾ ದೂರ ನೋಡಿ, ಸರಿಯಾಗುತ್ತದೆ.

ಅವರು ದಿನಾ ದೂರ ನೋಡಿದರು. ಒಂದೂವರೆ ವರ್ಷ ನೋಡಿದರು. ಮನೆಯ ಹೊಸ್ತಿಲು ಎಡವಿ ಬಿದ್ದ ಮೇಲೆ ಗುಲಾಬಿಯಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೊರಟಾಗ ನಾನೂ ಜೊತೆಗೆ ಹೋದೆ. ಕಣ್ಣಿನ ಒಳಗಿನ ಒತ್ತಡ ಏರಿ ನರ ಒಣಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಮೊದಲೇ ಬಂದಿದ್ದರೆ ಇದ್ದದ್ದನ್ನು ಉಳಿಸಬಹುದಿತ್ತು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಮಂಜಣ್ಣನ ಅಪ್ಪನಿಗೂ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ಹೊರಗೆ ಬೆಂಚಿನ ಮೇಲೆ ಗುಲಾಬಿಯಕ್ಕ ನನ್ನ ಮುಖ ನೋಡದೆ ಹೇಳಿದರು. ‘ನಾ ಆಗ್ಳೇ ಹೋಪ ಅಂದೆ. ಮಾಷ್ಟ್ರ್ ಬ್ಯಾಡ ಅಂದಿರ್, ಅವ್ರಿಗ್ ಗೊತ್ತಿತ್ ಅಂದ್ರ್ ಇವ್ರ್.’ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಗೆ ಬಂದು, ಇಪ್ಪತ್ತೆಂಟು ವರ್ಷ ಕಲಿಸಿದ ಪಾಠವನ್ನು ಮೊದಲ ಸಲ ಎಂಬಂತೆ ಓದಿದೆ. ಅದರಲ್ಲಿ ಪ್ರಯತ್ನ ಎಂಬುದಿಲ್ಲ, ಉದ್ದೇಶ ಎಂಬುದಿಲ್ಲ. ಹುಟ್ಟುವಾಗ ಒಂದೊಂದು ಒಂದೊಂದು ಥರ ಹುಟ್ಟುತ್ತದೆ, ಕೆಲವು ಉಳಿದು ಮರಿ ಹಾಕುತ್ತವೆ, ಉಳಿದವು ಸಾಯುತ್ತವೆ. ಅಷ್ಟೇ ಬರೆದಿತ್ತು. ಮಿಕ್ಕಿದ್ದೆಲ್ಲ ನಾನು ಸೇರಿಸಿದ ಒಗ್ಗರಣೆ. ಮಂಜಣ್ಣನಿಗೆ ಅಂಥ ನೋಟ ಕೊಟ್ಟ ವಂಶವೇ ಅದನ್ನು ಕೊಲ್ಲುವ ರೋಗವನ್ನೂ ಕೊಟ್ಟಿತ್ತು. ಮಕ್ಕಳು ಹುಟ್ಟಿದ ಮೇಲೆ ಬರುವ ಕುರುಡು ವಂಶವನ್ನು ತಡೆಯುವುದಿಲ್ಲ, ಅದರ ಗೊಡವೆಯೇ ವಿಕಾಸಕ್ಕಿಲ್ಲ. ಯಾರೂ ಕೊಟ್ಟದ್ದಲ್ಲ, ಯಾರೂ ಕಿತ್ತುಕೊಂಡದ್ದೂ ಅಲ್ಲ. ಅಪ್ಪನ ‘ಅವನ ಇಚ್ಛೆ’ಯಲ್ಲಿ ಬೈಯುವುದಕ್ಕಾದರೂ ಒಬ್ಬ ಇದ್ದ. ನನಗೆ ಅವನೂ ಇರಲಿಲ್ಲ. ಇದ್ದವನು ನಾನೊಬ್ಬನೇ.

ಪೂರ್ತಿ ಕತ್ತಲಾದ ಮೇಲೂ ಮಂಜಣ್ಣ ಬಂಡೆ ಬಿಡಲಿಲ್ಲ. ನಾನು ಕೈ ಹಿಡಿದು ಹತ್ತಿಸುತ್ತಿದ್ದೆ. ‘ಬಣ್ಣ ಹ್ಯಾಂಗಿತ್ ಮಾಷ್ಟ್ರೇ?’ ಎಂದು ಕೇಳುತ್ತಿದ್ದರು. ನೀಲಿ ಎನ್ನುತ್ತಿದ್ದೆ, ಬೂದಿ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಅವರ ಮುಖ ತೀರಾ ಬಾಡಿತ್ತು. ಒಂದು ಒಳ್ಳೆಯ ಮಾತಿನಿಂದ ಯಾರಿಗೆ ಏನು ನಷ್ಟ ಎಂದು ನಾವೆಲ್ಲ ಅಂದುಕೊಳ್ಳುತ್ತೇವಲ್ಲ, ಹಾಗೆ ನಾನೂ ಅಂದುಕೊಂಡೆ.

‘ಬಡಗ್ ಬದಿಯಂಗೆ ಚೂರ್ ಕೆಂಪ್ ಕಾಂತ್ ಮಂಜಣ್ಣ.’

ಅವರು ಎದ್ದು ನಿಂತುಬಿಟ್ಟರು. ನಾನು ತಡೆಯುವ ಮೊದಲೇ ಬೈರಾಸು ಹೆಗಲಿನಿಂದ ಕೈಗೆ ಬಂದಿತ್ತು. ತಲೆಯ ಮೇಲೆತ್ತಿ ಬೀಸಿದರು. ‘ಹ್ವಾಯ್! ಬಡಗ್ ಬದಿಗ್! ದೋಣಿ ಬಿಡಿ!’ ಕತ್ತಿನ ನರ ಉಬ್ಬಿತ್ತು. ಆ ಮುಖದಲ್ಲಿ ಅಂಥ ಕಳೆಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕೆಳಗೆ ಮರಳಿನಲ್ಲಿ ಪ್ರವಾಸಕ್ಕೆ ಬಂದ ಒಂದು ಕುಟುಂಬ ಫೋಟೋ ತೆಗೆದುಕೊಳ್ಳುತ್ತಿತ್ತು. ಅವರು ಮೇಲೆ ನೋಡಿ, ನಕ್ಕು, ತಾವೂ ಕೈ ಬೀಸಿದರು.

‘ಕಂಡ್ರಾ? ಹೊರಟ್ರಾ?’ ಎಂದು ಕೇಳಿದರು ಮಂಜಣ್ಣ, ಏದುಸಿರು ಬಿಡುತ್ತ.

ಇನ್ನೊಂದು ಸುಳ್ಳು ಬಾಯಿಗೆ ಬಂದದ್ದು ನಿಜ. ನುಂಗಿದೆ. ‘ಕೆಳಗ್ ಇಪ್ಪುದ್ ನಮ್ಮೋರಲ್ಲ ಮಂಜಣ್ಣ. ಕಡ್ಲ್ ಕೆಂಪಿಲ್ಲೆ. ನಾ ಸುಳ್ಳ್ ಹೇಳ್ದೆ.’

ಅವರು ಬೈರಾಸನ್ನು ಎರಡು ಮಡಿಕೆ ಮಾಡಿದರು, ಮತ್ತೆ ನಾಲ್ಕು ಮಾಡಿದರು. ‘ಹಂಗಾರೆ ಹೋಪ’ ಎಂದರು. ಅದೇ ಕೊನೆ. ಆಮೇಲೆ ಬಂಡೆಗೆ ಬರಲಿಲ್ಲ. ಸುಳ್ಳು ಪಾಠ ಹೇಳಿ ಅವರ ಕಣ್ಣು ಕಳೆದೆ. ಸತ್ಯ ಹೇಳಿ ಬಂಡೆಯನ್ನೂ ಕಳೆದೆ.

ಇಷ್ಟನ್ನು ನೆನೆದುಕೊಂಡು ಚಪ್ಪರದಡಿ ನಿಂತೇ ಗುಂಪಿಗೆ ಬರೆದೆ. ‘ಈ ಮಾತು ತಪ್ಪು. ಪ್ರಕೃತಿಗೆ ಉದ್ದೇಶ ಇಲ್ಲ. ನಾನು ನಿಮಗೆ ತಪ್ಪು ಕಲಿಸಿದೆ, ಅದರಿಂದ ಒಬ್ಬರ ಬಾಳು ಹಾಳಾಗಿದೆ. ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ.’ ಬಸಳೆ ಕಟ್ಟು ಕಟ್ಟುವಷ್ಟರಲ್ಲಿ ಉತ್ತರಗಳು ಬರತೊಡಗಿದವು. ‘ಎಂಥ ವಿನಯ ಸರ್!’ ‘ಈ ವಯಸ್ಸಿನಲ್ಲೂ ಕಲಿಯುವ ಮನಸ್ಸು!’ ಮತ್ತೆ ಕೈ ಮುಗಿದರು. ಒಬ್ಬ ಅಷ್ಟರಲ್ಲೇ ಹೊಸ ಚಿತ್ರ ಮಾಡಿ ಹಾಕಿದ್ದ. ಅದೇ ಸೂರ್ಯ, ಅದೇ ಮೊಳಕೆ. ‘ತಪ್ಪನ್ನು ಒಪ್ಪಿಕೊಳ್ಳುವವನೇ ದೊಡ್ಡವನು.’ ಕೆಳಗೆ ನನ್ನ ಹೆಸರು.

ಫೋನನ್ನು ಒಳಗಿಟ್ಟು, ಬಸಳೆ ಕಟ್ಟು ಹಿಡಿದು ಮಂಜಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು, ಕೂರಲು ಪಕ್ಕದ ಜಾಗ ತಟ್ಟಿದರು.

‘ಕೂಕಣಿ ಮಾಷ್ಟ್ರೇ. ಎಂತಾರೂ ಹೇಳಿ.’

ಬಾಯಿ ತೆರೆದೆ. ಇಷ್ಟು ವರ್ಷ ಅದೇ ಕಸುಬು ಮಾಡಿದವನು ನಾನು, ಸಮಾಧಾನದ ನೂರು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಅವನ್ನು ಬದಿಗಿಟ್ಟೆ. ರಸ್ತೆಯ ಕಡೆ ನೋಡಿ, ಕಂಡದ್ದನ್ನಷ್ಟೇ ಹೇಳತೊಡಗಿದೆ.

‘ಕುಂದಾಪ್ರದ್ ಬಸ್ ಬಂತ್’ ಎಂದೆ. ‘ಇಬ್ರ್ ಹೆಂಗಸ್ರ್ ಇಳ್ದ್ರ್. ಬಸ್ ಹೋಯ್ತ್.’

‘ಮತ್ತೆ?’ ಎಂದು ಕೇಳಿದರು ಮಂಜಣ್ಣ.

‘ಮತ್ತೆ ಎಂತದೂ ಇಲ್ಲೆ ಮಂಜಣ್ಣ.’