ಮೀನುಗಳ ಕಾಲಿಂಗ್ ಬೆಲ್

ಇಂಟರ್ನೆಟ್ಟಿನಲ್ಲಿ ಏನಿದೆ ಮಣ್ಣು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರನ್ನು ಮೈಸೂರಿನ ಕೆಸರೆಯಲ್ಲಿರುವ ನನ್ನ ಅಂಗಡಿಗೆ ಕರೆದು ಒಂದು ಮಧ್ಯಾಹ್ನ ಕೂರಿಸಿಕೊಳ್ಳಬೇಕು. ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಿನಿಂದ ಸಂಜೆವರೆಗೂ ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ. ಸರ್ವರ್ ಕೈಕೊಟ್ಟಾಗ ನಾನು ಜಗತ್ತು ಸುತ್ತಲು ಹೊರಡುತ್ತೇನೆ. ಭೂಗೋಳದ ಮೇಲೆ ಎಲ್ಲಿ ಬೆರಳಿಟ್ಟರೆ ಅಲ್ಲಿನ ರೇಡಿಯೋ ಹಾಡತೊಡಗುವ ಒಂದು ತಾಣವಿದೆ. ಈ ಗಳಿಗೆಯಲ್ಲಿ ಯಾವ ದೇಶದ ಮೇಲೆ ಗಾಳಿ ಎತ್ತ ಬೀಸುತ್ತಿದೆ ಎಂದು ಎಳೆ ಎಳೆಯಾಗಿ ತೋರಿಸುವ ನಕ್ಷೆಯಿದೆ. ನಿಮ್ಮ ಕಾಲ ಕೆಳಗೆ ನೆಟ್ಟಗೆ ಬಾವಿ ತೋಡುತ್ತ ಹೋದರೆ ಭೂಮಿಯ ಆ ಕಡೆ ಎಲ್ಲಿ ಹೊರಬರುತ್ತೀರಿ ಎಂದು ಹೇಳುವುದಕ್ಕೂ ಒಂದಿದೆ. ಕೆಸರೆಯಲ್ಲಿ ತೋಡಿದರೆ ಪೆಸಿಫಿಕ್ ಸಾಗರದಲ್ಲಿ ಏಳುತ್ತೇವೆ! ಇದನ್ನು ಕಂಡುಹಿಡಿದ ದಿನ ಖುಷಿ ತಡೆಯಲಾರದೆ, ಪಿಂಚಣಿ ಅರ್ಜಿಗೆಂದು ಬಂದಿದ್ದ ಪಕ್ಕದ ಮನೆಯ ಪುಟ್ಟಲಿಂಗಮ್ಮನವರಿಗೂ ತೋರಿಸಿದೆ. ಅವರು ಗಂಭೀರವಾಗಿ ನೋಡಿ, ಹಾಗಾದರೆ ನಮ್ಮ ಬೋರ್‌ವೆಲ್ಲಿನವನು ಇನ್ನೂ ಸ್ವಲ್ಪ ಕೊರೆಯಬೇಕಿತ್ತು ಎಂದರು.

ಆದರೆ ನಾನು ಹೇಳಹೊರಟಿದ್ದು ನಮ್ಮ ಮಾವನ, ನನ್ನ ಗಂಡನ ಅಪ್ಪನ ವಿಷಯ.

ಮಾವ ಸಣ್ಣಯ್ಯನವರು ನರಸೀಪುರದ ಕಡೆಯವರು. ಅವರಪ್ಪ ಊರ ಕೆರೆಗೆ ನೀರುಗಂಟಿಯಾಗಿದ್ದರು. ಯಾವ ಗದ್ದೆಗೆ ಯಾವತ್ತು ನೀರು ಎಂದು ನೋಡಿಕೊಂಡು ಕೆರೆಯ ತೂಬು ತೆಗೆಯುವ, ಮುಚ್ಚುವ ಕೆಲಸ. ಮಾವ ಮೀಸೆ ಮೂಡುವ ಮೊದಲೇ ಮೈಸೂರಿಗೆ ಬಂದುಬಿಟ್ಟರು. ಮಂಡಿಯಲ್ಲಿ ಮೂಟೆ ಹೊತ್ತರು, ಗಾರೆ ಕಲಸಿದರು, ಕೊನೆಗೆ ಒಂಟಿಕೊಪ್ಪಲಿನ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸಕ್ಕೆ ನಿಂತರು. ಅಲ್ಲೇ ತಲೆ ನರೆಯಿತು. ತಮ್ಮ ಪಾಡಿಗೆ ತಾವಿರುವ ಮನುಷ್ಯ, ಸಿಟ್ಟು ಬರುತ್ತಿದ್ದುದು ಒಂದಕ್ಕೇ. ಒಂದು ಸಲ ಹಾರ್ನ್ ಮಾಡಿ ಸುಮ್ಮನಿರದೆ ಮತ್ತೆ ಮತ್ತೆ ಒತ್ತುವ ಜನ ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ಕರೆದ ಮೇಲೆ ಕಾಯಬೇಕು, ಬರುವವನಿಗೂ ಎರಡೇ ಕಾಲು ಎನ್ನುವುದು ಅವರ ಶಾಸ್ತ್ರ.

ಹೋದ ವರ್ಷ ಆ ಕಟ್ಟಡಕ್ಕೆ ತಾನೇ ಏಳುವ ಗೇಟು ಬಂತು. ಕಾರಿನ ಗಾಜಿಗೆ ಅಂಟಿಸಿದ ಸ್ಟಿಕ್ಕರ್ ನೋಡಿ ಅದೇ ಕೈ ಎತ್ತುತ್ತದೆ, ಅದೇ ಇಳಿಸುತ್ತದೆ. ಮಾವನಿಗೆ ಒಂದು ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿಕೊಟ್ಟರು. ಕೆಲಸ ಕಿತ್ತುಕೊಂಡ ಮೇಲೆ ಗಡಿಯಾರ ಕೊಡುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ!

ಮನೆಗೆ ಬಂದವರು ಮೊದಲು ಅಡುಗೆಮನೆಗೆ ನುಗ್ಗಿದರು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ನಮ್ಮತ್ತೆ ಸಾಕಮ್ಮನಿಗೆ ಉಪ್ಪು ಸಿಗದಂತೆ ಮಾಡಿದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಅತ್ತೆ ಮೂರು ದಿನ ಆಡಿಕೊಂಡರು. ಆಮೇಲೆ ಮಾವ ಏನನ್ನೂ ಮುಟ್ಟಲಿಲ್ಲ. ಅಂಗಡಿಯ ಮೂಲೆಯ ಬೆಂಚಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ದಿನ, ಊಟಕ್ಕೆ ಏಳಿ ಎಂದದ್ದಕ್ಕೆ, ಸಿಟ್ಟೂ ಇಲ್ಲದೆ ಹೇಳಿದರು:

"ಗೇಟಿಗೇ ಬುದ್ಧಿ ಬಂದ್ಬುಟ್ಮೇಲೆ ನಮ್ಮಂಥೋರು ಯಾಕಮ್ಮ ಬೇಕು?"

ಸಿಟ್ಟಿನಿಂದ ಅಂದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹೀಗಿರುವಾಗ ಮಾರ್ಚಿನ ಒಂದು ದಿನ, ಸರ್ವರ್ ಇಲ್ಲದ ಹೊತ್ತಿನಲ್ಲಿ, ಒಂದು ಹೊಸ ತಾಣ ನನ್ನ ಕಣ್ಣಿಗೆ ಬಿತ್ತು. ತೆರೆದರೆ ಬರೀ ಹಸಿರು ನೀರು. ನೀರೊಳಗೆ ಇಟ್ಟ ಕ್ಯಾಮೆರಾ. ಪಕ್ಕದಲ್ಲಿ ಒಂದು ಬೆಲ್ಲಿನ ಬಟನ್. ವಿವರ ಓದುತ್ತ ಹೋದ ಹಾಗೆ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಡಚ್ಚರ ದೇಶದ ಒಂದು ಹಳೆಯ ಊರಿನ ನಡುವೆ ಕಾಲುವೆ, ಕಾಲುವೆಗೆ ಅಡ್ಡವಾಗಿ, ದೋಣಿ ಬಂದಾಗ ತೆಗೆಯುವ ದೊಡ್ಡ ಬಾಗಿಲು. ವಸಂತ ಬಂತೆಂದರೆ ಮೀನುಗಳು ಮೊಟ್ಟೆಯಿಡಲು ನೀರು ಹಿಡಿದು ಮೇಲಕ್ಕೆ ಹೊರಡುತ್ತವೆ. ಆ ಕಾಲದಲ್ಲಿ ದೋಣಿಗಳು ಕಡಿಮೆ, ಬಾಗಿಲು ತೆಗೆಯುವುದೇ ಅಪರೂಪ. ಮೀನುಗಳು ಬಂದು ಬಾಗಿಲ ಮುಂದೆ ಕಾಯುತ್ತ ನಿಲ್ಲುತ್ತವೆ. ಅದಕ್ಕೇ ಈ ಕ್ಯಾಮೆರಾ. ಭೂಮಿಯ ಯಾವ ಮೂಲೆಯಲ್ಲಿ ಕೂತವರಾದರೂ ಸರಿ, ಮೀನು ಕಂಡರೆ ಬೆಲ್ ಒತ್ತಬಹುದು. ಒತ್ತಿದರೆ ಅಲ್ಲಿಯವರಿಗೆ ಚಿತ್ರ ಹೋಗುತ್ತದೆ, ಅವರು ನೋಡಿ ಬಾಗಿಲು ತೆಗೆಸುತ್ತಾರೆ. ಮೀನಿಗೊಂದು ಕಾಲಿಂಗ್ ಬೆಲ್!

ಮಲಗಿದ್ದ ಮಾವನನ್ನು ಅಲುಗಾಡಿಸಿ ಎಬ್ಬಿಸಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ಪರದೆ ನೋಡಿದರು.

"ತೂಬು ಅನ್ನು," ಎಂದರು. ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂತರು.

ಆವತ್ತಿನಿಂದ ನನ್ನ ಕುರ್ಚಿ ಹೋಯಿತು. ಹಳೆಯ ಕಂಪ್ಯೂಟರೊಂದನ್ನು ಬೆಂಚಿನ ಪಕ್ಕಕ್ಕೆ ಹಾಕಿಕೊಡಬೇಕಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದು ಕೂರುತ್ತಿದ್ದರು. ಅಲ್ಲಿ ಇನ್ನೂ ಬೆಳಗಾಗಿರುತ್ತಿರಲಿಲ್ಲ, ಕ್ಯಾಮೆರಾಕ್ಕೆ ದೀಪವಿತ್ತು. ಹಸಿರು ನೀರು, ತೇಲುವ ಎಲೆಯ ಚೂರು, ಮತ್ತೆ ಹಸಿರು ನೀರು. ಬೇರೆಯವರಾಗಿದ್ದರೆ ಐದು ನಿಮಿಷಕ್ಕೆ ಆಕಳಿಸುತ್ತಿದ್ದರು. ಗೇಟಿನ ಮುಂದೆ ಆಯಸ್ಸು ಕಳೆದವರಿಗೆ ಏನೂ ಆಗದಿರುವುದೇನು ಹೊಸದೇ? ನಾಲ್ಕನೆಯ ದಿನ ಮೊದಲ ಮೀನು ಬಂತು. ಮೈಮೇಲೆ ಪಟ್ಟೆ, ರೆಕ್ಕೆ ಕೆಂಪು. ಮಾವ ನನ್ನ ಹೆಸರು ಕೂಗಿದ ರೀತಿಗೆ ನಾನು ಕರೆಂಟು ಹೊಡೆಯಿತೇನೋ ಎಂದುಕೊಂಡು ಓಡಿದೆ. ಅತ್ತೆಯೂ ಸೌಟು ಹಿಡಿದುಕೊಂಡೇ ಬಂದರು. ಮೀನನ್ನು ತಲೆಯಿಂದ ಬಾಲದವರೆಗೆ ನೋಡಿ, ಸಾರಿಗಿಂತ ಹುರಿಯುವುದಕ್ಕೇ ಚೆನ್ನ ಎಂದು ತೀರ್ಪು ಕೊಟ್ಟರು. ಮಾವ ಅವರ ಕಡೆ ತಿರುಗಿಯೂ ನೋಡದೆ ಬೆಲ್ ಒತ್ತಿದರು. ಒಂದೇ ಸಲ. ನಾನು ಇನ್ನೊಂದು ಸಲ ಒತ್ತಿ ಎಂದೆ. ಒಪ್ಪಲಿಲ್ಲ.

ಅಂಗಡಿಗೆ ಬಂದವರೆಲ್ಲ ಈಗ ಅರ್ಜಿ ಮರೆತು ಮಾವನ ಹಿಂದೆ ನಿಲ್ಲತೊಡಗಿದರು. ರೇಷನ್ ಕಾರ್ಡಿನ ತಿದ್ದುಪಡಿಗೆ ಬಂದವರು ಮೀನಿನ ಓಡಾಟ ನೋಡಿ ಹೋಗುತ್ತಿದ್ದರು. ಮಾವನ ಮುಖದಲ್ಲಿ ಕಳೆ ಬಂತು, ಮಾತು ಬಂತು. ಇಷ್ಟೆಲ್ಲ ಕೊಟ್ಟ ಇಂಟರ್ನೆಟ್ಟಿಗೆ ಆರತಿ ಎತ್ತಬೇಕು ಅನ್ನಿಸಿತು ನನಗೆ.

ತಣ್ಣೀರೆರಚಿದ್ದು ನನ್ನ ಗಂಡ ಮನೋಹರ್. ರಾಜೀವನಗರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ, ಹಾಗಾಗಿ ಪರದೆ ಇರುವ ಯಾವುದೇ ವಸ್ತುವಿನ ಬಗ್ಗೆ ನಮ್ಮ ಮನೆಯಲ್ಲಿ ಅವನದೇ ಕೊನೆಯ ಮಾತು. ಯಾವತ್ತೋ ಹಿಡಿದಿಟ್ಟ ವಿಡಿಯೋ ಓಡಿಸುತ್ತಿರುತ್ತಾರೆ, ಬೆಲ್ಲು ಬರೀ ಚಿತ್ರ, ಅಷ್ಟು ಶ್ರೀಮಂತ ದೇಶದಲ್ಲಿ ಮೀನು ಗುರುತಿಸಲು ಯಂತ್ರವಿಲ್ಲದೆ ಕೆಸರೆಯ ಮುದುಕರನ್ನು ಕೇಳುತ್ತಾರೆಯೇ ಎಂದು ಊಟ ಮಾಡುತ್ತ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಮಾವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಕೇಳಿದರು:

"ಅಂಗಾರೆ ಆ ಕಡೆ ಯಾರೂ ಇಲ್ವಾ?"

ಅವರಿಗೆ ಬೇಕಿದ್ದುದು ಅದೊಂದೇ. ಆ ಕಡೆ ಒಬ್ಬ ಮನುಷ್ಯನಿದ್ದಾನೋ ಇಲ್ಲವೋ. ಇದ್ದರೆ ಇವರೂ ಇದ್ದ ಹಾಗೆ. ಇಲ್ಲದಿದ್ದರೆ ಒಂಟಿಕೊಪ್ಪಲಿನ ಗೇಟು ಹೇಳಿದ್ದೇ ನಿಜ.

ಮರುದಿನವೇ ಒಂದು ಉದ್ದ ಮೂತಿಯ ಮೀನು ಬಂದು ಬಾಗಿಲ ಮುಂದೆ ನಿಂತಿತು. ಮಾವ ಬೆಲ್ ಒತ್ತಿದರು. ಒತ್ತಿ, ಕೈ ಕಟ್ಟಿಕೊಂಡು ಕಾದರು. ಮೀನೂ ಕಾಯಿತು. ಇಬ್ಬರೂ ಹೀಗೆ ಬಹಳ ಹೊತ್ತು ಕಾದ ಮೇಲೆ ಮೀನು ನಿಧಾನವಾಗಿ ತಿರುಗಿ ಬಂದ ಕಡೆಗೇ ಹೊರಟುಹೋಯಿತು. ಮಾವ ಕಂಪ್ಯೂಟರ್ ಆರಿಸಿ, ಬೆಂಚಿನ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ನನಗೆ ಮನೋಹರನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ತಾಣದ ಮೂಲೆ ಮೂಲೆಯನ್ನೂ ಕೂತು ಓದಿದೆ. ಚಿತ್ರಗಳನ್ನು ಮನುಷ್ಯರೇ ನೋಡುವುದು, ಮೀನುಗಳು ಸಾಕಷ್ಟು ಸೇರಿದವು ಅನ್ನಿಸಿದಾಗ ಬಾಗಿಲು ತೆಗೆಸುವುದು, ಬೆಲ್ ಒತ್ತಿದ ತಕ್ಷಣ ತೆಗೆದೇ ತೆಗೆಯುತ್ತಾರೆಂದು ಇಲ್ಲ ಎಂದೆಲ್ಲ ಮಾವನಿಗೆ ಕನ್ನಡದಲ್ಲಿ ಹೇಳಿದೆ. ಇರಬಹುದು ಎಂದರು. ಅವರ ಬಾಯಲ್ಲಿ ಇರಬಹುದು ಎಂದರೆ ಇಲ್ಲ ಎಂದೇ ಅರ್ಥ. ಏಪ್ರಿಲ್ ಮುಗಿಯಿತು. ಮೀನಿನ ಕಾಲವೂ ಮುಗಿಯುತ್ತ ಬಂದಿತ್ತು, ಆಮೇಲೆ ಮುಂದಿನ ವಸಂತದವರೆಗೆ ಬೆಲ್ ಇರುವುದಿಲ್ಲ. ಅಷ್ಟು ದಿನ ಇವರು ಹೀಗೇ ಮಲಗಿದ್ದರೆ ಗತಿಯೇನು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಅಂಗಡಿ ತೆರೆದ ಕೂಡಲೇ ಆ ಹಸಿರು ನೀರನ್ನು ಪರದೆಯಲ್ಲಿ ಹಾಕಿಡುವುದನ್ನು ಮಾತ್ರ ನಾನು ಬಿಡಲಿಲ್ಲ.

ಬುದ್ಧ ಪೂರ್ಣಿಮೆ ಬಂತು. ಬೆಳಿಗ್ಗೆ ಎಲ್ಲರೂ ಬಿಳಿ ಬಟ್ಟೆಯುಟ್ಟು ಬುದ್ಧ ವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದಿದ್ದೆವು. ಮಧ್ಯಾಹ್ನ ಮನೆ ತುಂಬ ನೆಂಟರು, ಅತ್ತೆ ಪಾಯಸ ಬಡಿಸುತ್ತಿದ್ದರು. ಪುಟ್ಟಲಿಂಗಮ್ಮನವರು ಲೋಟ ಹಿಡಿದು ಅಂಗಡಿಯ ಕೋಣೆಯಲ್ಲಿ ಕೂತಿದ್ದವರು, ನಿನ್ನ ಟಿವಿಯಲ್ಲಿ ಮೀನು ಸಂತೆ ನೆರೆದಿದೆ ಎಂದು ಅಲ್ಲಿಂದಲೇ ಸುದ್ದಿ ಕಳಿಸಿದರು. ಓಡಿ ಹೋಗಿ ನೋಡುತ್ತೇನೆ, ಪಟ್ಟೆಯವು, ಬೆಳ್ಳಗಿನವು, ಗುಂಪು ಗುಂಪಾಗಿ ಬಾಗಿಲಿಗೆ ಮೂತಿಯಿಟ್ಟು ನಿಂತಿವೆ. ಅಷ್ಟು ಮೀನುಗಳನ್ನು ಒಟ್ಟಿಗೆ ನಾವು ಕಂಡೇ ಇರಲಿಲ್ಲ. ಒಳಗೆ ನೆಂಟರ ಜೊತೆ ಕೂತಿದ್ದ ಮಾವನನ್ನು ಕೂಗಿದೆ, ಬರಲಿಲ್ಲ. ಹೋಗಿ ಕೈ ಹಿಡಿದು ಎಳೆದೆ, ನೀನೇ ಒತ್ತಮ್ಮ ಎಂದರು. ಅತ್ತೆ ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಆ ಕಡೆ ಯಾರವ್ರೋ ಇಲ್ವೋ, ಈ ಕಡೆ ನೀನಿದ್ದೀಯಲ್ಲ? ಬಸುರಿ ಮೀನು ಕಣಯ್ಯ, ಬಾಗ್ಲಲ್ಲಿ ನಿಂತವೆ. ಎದ್ದೇಳು."

ಮಾವ ಎದ್ದರು. ಕೋಣೆಯೊಳಗೆ ಬಂದು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ಬೆಲ್ ಒತ್ತಿದರು.

ನೆಂಟರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಮುಗಿಬಿದ್ದರು. ಏನೂ ಆಗಲಿಲ್ಲ. ಮೀನುಗಳು ನಿಂತೇ ಇದ್ದವು. ಒಂದೆರಡು ಹಿಂದಕ್ಕೆ ತಿರುಗಿದವು, ನನಗೆ ಅಳುವೇ ಬಂತು. ಮನೋಹರನಿಗೂ ತಡೆಯಲಾಗದೆ ಮೌಸಿಗೆ ಕೈ ಹಾಕಿದ, ಮತ್ತೆ ಒತ್ತೋಣವೆಂದು. ಮಾವ ಅವನ ಕೈಯನ್ನು ಮೆಲ್ಲಗೆ ಸರಿಸಿದರು.

"ಇರ್ಲಿ ಬುಡು. ಅವ್ನೂ ಚಪ್ಲಿ ಮೆಟ್ಕಂಡು ಬರ್ಬೇಕಲ್ವಾ."

ಕಾದೆವು. ಪಾಯಸ ಆರಿತು. ಆಮೇಲೆ ಇಷ್ಟು ಹೊತ್ತು ನಿಂತಲ್ಲೇ ತೇಲುತ್ತಿದ್ದ ಎಲೆಯ ಚೂರೊಂದು ಜಾರಿತು. ಅದರ ಹಿಂದೆ ಇನ್ನೊಂದು. ಅಡಿಯಿಂದ ಮಣ್ಣು ಎದ್ದು ಹೊಗೆಯಾಡಿತು. ನೀರು ಓಡುತ್ತಿದೆ ಎಂದು ಮೊದಲು ಹೇಳಿದ್ದು ಅತ್ತೆ. ಮೀನುಗಳೆಲ್ಲ ಒಂದೇ ಸಲ ನೀರಿಗೆ ಎದುರಾಗಿ ಮೂತಿ ತಿರುಗಿಸಿ, ಬಾಲ ಬಡಿಯುತ್ತ ಪರದೆಯ ಅಂಚು ದಾಟತೊಡಗಿದವು. ಹಿಂದಕ್ಕೆ ಹೋಗಿದ್ದವೂ ಎಲ್ಲಿಂದಲೋ ಧಾವಿಸಿ ಬಂದು ಸೇರಿಕೊಂಡವು. ಮನೋಹರ್ ಹಾಕಿದ ಸಿಳ್ಳೆಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಪುಟ್ಟಲಿಂಗಮ್ಮನವರು ಕಾರಣವಿಲ್ಲದೆ ನನ್ನನ್ನು ತಬ್ಬಿಕೊಂಡರು. ಅದೇ ಹೊತ್ತಿಗೆ ಎಷ್ಟು ದೇಶಗಳಲ್ಲಿ ಎಷ್ಟು ಜನ ಅದೇ ಬೆಲ್ ಒತ್ತಿದ್ದರೋ, ಆ ಲೆಕ್ಕ ನನಗೆ ಬೇಡ.

ಕೊನೆಯ ಮೀನೂ ದಾಟಿತು. ಪರದೆಯಲ್ಲಿ ಮತ್ತೆ ಬರೀ ಹಸಿರು ನೀರು. ಮಾವ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವರ ಗಲ್ಲ ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು. ನನ್ನ ಮುಂಗೈ ಹಿಡಿದುಕೊಂಡು, ನನಗೆ ಗೊತ್ತಿಲ್ಲವೇನೋ ಎಂಬಂತೆ ಹೇಳಿದರು:

"ನಾನ್ ಕರ್ದೆ ಕಣಮ್ಮ. ಯಾವನೋ ಎದ್ದು ಬಂದ."