ಅಜ್ಜಿ ಬಿಟ್ಟ ಕಲ್ಲುಗಳು

ತೆಂಗಿನೆಣ್ಣೆಯ ಕುಪ್ಪಿ ತೆರೆದಾಗಲೆಲ್ಲ ಬೇರೆಯವರಿಗೆ ಕೂದಲು ನೆನಪಾಗಬಹುದು, ನನಗೆ ಕಲ್ಲು ನೆನಪಾಗುತ್ತದೆ. ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯ ಜೈನರ ಅಜ್ಜಿ ತಮ್ಮ ಅಕೀಕು ಎಂಬ ಬಣ್ಣದ ಗೆರೆಯ ಕಲ್ಲುಗಳಿಗೆ ಎಣ್ಣೆ ಸವರುತ್ತಿದ್ದರು. ಒಂದು ಹನಿ ಸಾಕು, ಮಂಕಾಗಿದ್ದ ಕಲ್ಲಿನೊಳಗಿಂದ ಕೆಂಪು, ಬಿಳಿ, ಜೇನಿನ ಬಣ್ಣದ ಗೆರೆಗಳು ಎದ್ದು ಕಾಣುತ್ತಿದ್ದವು.

ಐವತ್ತರ ದಶಕದ ಕೊನೆ ಇರಬೇಕು... ಬಸದಿ ನೋಡಲು ಗುಜರಾತಿನ ಕಡೆಯಿಂದ ಬರುತ್ತಿದ್ದ ಯಾತ್ರಿಕರಿಗೆ ಅಜ್ಜಿ ಜಗಲಿಯಲ್ಲಿ ಬೆಲ್ಲ ನೀರು ಕೊಡುತ್ತಿದ್ದರು. ಯಾರೋ ಒಬ್ಬರು ನುಣುಪು ಮಾಡಿದ ಒಂದು ಕಲ್ಲನ್ನು ಅವರ ಕೈಗಿಟ್ಟು ಹೋದರು. ಅಲ್ಲಿಂದ ಶುರುವಾಯಿತು ಹುಚ್ಚು. ಮುಂದೆ ಬಂದವರ ಹತ್ತಿರ ಕೈಸನ್ನೆ ಮಾಡಿ ತಾವೇ ಕೇಳುತ್ತಿದ್ದರು. ಬಂಗಾರವನ್ನೆಲ್ಲ ಸೊಸೆಗೆ ಕೊಟ್ಟು ಮರೆತ ಹೆಂಗಸು, ಈ ಕಲ್ಲುಗಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾವು ಮೀನು ತಿನ್ನುವವರು, ಅವರ ಅಡುಗೆಮನೆ ನಮಗೆ ದೂರ. ಆದರೆ ಜಗಲಿಯಲ್ಲಿ ಅವರ ಪಕ್ಕ ಕೂತು ಕಲ್ಲು ನೋಡುವ ಹಕ್ಕು ನನ್ನೊಬ್ಬಳಿಗಿತ್ತು.

ಹಾಗಿದ್ದ ಅಜ್ಜಿ ಒಂದು ದಿನ ಹಾಲಿನವಳ ಕೈಗೆ ಒಂದು ಕಲ್ಲು ಹಾಕಿದರು. ನಾನು ದಂಗಾಗಿ ನೋಡಿದೆ. ಆಮೇಲೆ ಪೋಸ್ಟಿನವನಿಗೆ, ಬಟ್ಟೆ ಒಗೆಯುವವಳಿಗೆ... ಕೊಟ್ಟು, ಕೈಮುಗಿದು, ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಿದ್ದರು. ಹಿರಿಯರು ಹೀಗೆ ಕಂಡಕಂಡವರಿಗೆಲ್ಲ ಕೈಮುಗಿಯುವುದೆಂದರೇನು!

ಬಾವಿಕಟ್ಟೆಯಲ್ಲಿ ಅವರ ಸೊಸೆಯನ್ನು ಹಿಡಿದು ಕೇಳಿದೆ. "ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ ಉಂಟು. ಮಂಗಳೂರಿನ ಡಾಕ್ಟರು ಆಗುವುದಿಲ್ಲ ಹೇಳಿದ್ರು. ಸಲ್ಲೇಖನಕ್ಕೆ ಕೂರ್ತಾರೆ," ಎಂದರು, ಕೊಡಪಾನ ಎತ್ತುತ್ತಲೇ. "ಮೊದಲು ಮಮತೆ ಬಿಡಬೇಕು. ಆಮೇಲೆ ಅನ್ನ, ಕೊನೆಗೆ ನೀರು." ಇಷ್ಟು ತಣ್ಣಗೆ ಹೇಳಿದರಲ್ಲ!

ಒಂದೇ ಕಲ್ಲು ಉಳಿದಾಗ ನನ್ನನ್ನು ಕರೆದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಕಲ್ಲು ಅವರ ಹತ್ತಿರ ಇದ್ದರೆ ಮಮತೆ ಇರುತ್ತದೆ, ಮಮತೆ ಇದ್ದರೆ ಅನ್ನ ಬಿಡುವಂತಿಲ್ಲ. ನನ್ನ ಲೆಕ್ಕ ಅಷ್ಟು ಸರಳ. ಕೆಲವು ದಿನ ಆ ಕಡೆ ಸುಳಿಯಲೇ ಇಲ್ಲ. ಅಜ್ಜಿ ಇನ್ನೂ ಗಂಜಿ ಕುಡಿಯುತ್ತಿದ್ದಾರೆಂದು ತಿಳಿದು, ಗೆದ್ದೆ ಎಂದುಕೊಂಡೆ. ಆದರೆ ಗೋಡೆಯಾಚೆಯ ನರಳಾಟ ದಿನದಿನಕ್ಕೆ ಹೆಚ್ಚುತ್ತಿತ್ತು. ತಡೆಯಲಾರದೆ ಹೋದೆ.

"ಬೇರೆ ಯಾರಿಗಾದ್ರೂ ಕೊಡಿ ಅಜ್ಜಿ," ಎಂದೆ.

"ಕೊಡಬಹುದಿತ್ತು ಮಗಾ. ಇದು ನಿನಗೇ ಅಂತ ಮನಸ್ಸು ಹಿಡಿದು ಕೂತಿದೆ. ಕಲ್ಲಿನ ಆಸೆ ಯಾವತ್ತೋ ಹೋಯ್ತು. ನಿನ್ನದು ಹೋಗುವುದಿಲ್ಲ. ನನ್ನನ್ನು ಬಿಡು ಮಾರಾಯ್ತಿ."

ಕೈ ಚಾಚಿದೆ. ಅವರು ನನಗೂ ಕೈಮುಗಿದರು.

ಮರುದಿನ ಹೋದಾಗ ಚಾಪೆಯ ಮೇಲೆ ಮಲಗಿದ್ದರು. ಕಣ್ಣು ತೆರೆದು ನನ್ನನ್ನು ನೋಡಿದರು. ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಯಾರೋ ಯಾತ್ರಿಕರನ್ನು ನೋಡಿದ ಹಾಗೆ ನೋಡಿ, ಮತ್ತೆ ಕಣ್ಣು ಮುಚ್ಚಿದರು. ಸಾವನ್ನು ಆಮೇಲೆ ಎಷ್ಟೋ ಕಂಡೆ. ಆ ನೋಟದಷ್ಟು ಯಾವುದೂ ನನ್ನನ್ನು ಬೆಚ್ಚಿಬೀಳಿಸಲಿಲ್ಲ. ಅವರು ಹೋದದ್ದು ಕೆಲವು ದಿನಗಳ ಬಳಿಕ, ಆದರೆ ನನ್ನ ಪಾಲಿನ ಅಜ್ಜಿ ಅವತ್ತೇ ಹೋಗಿದ್ದರು.

ಈಗ ನನಗೂ ಅವರ ಪ್ರಾಯವಾಗಿದೆ. ಕಲ್ಲು ಬೇಕೆಂದು ಮೊಮ್ಮಗಳು ಕೇಳುತ್ತಲೇ ಇರುತ್ತಾಳೆ. ನಾಳೆ ಕೊಡ್ತೇನೆ ಎನ್ನುತ್ತೇನೆ, ಪ್ರತಿ ಸಲವೂ.