ಎಮಿಲ್ ಹ್ರೂಷ್ಕಾನ ಹತ್ತಿಂಚಿನ ದಿಬ್ಬ

ಅನುಮಾನ ನನ್ನ ಹುಟ್ಟುಗುಣ. ಅಂಗಡಿಯವನು ಒಂದು ಡಜನ್ ಮೊಟ್ಟೆ ಕೊಟ್ಟರೆ ಡಬ್ಬ ತೆರೆದು ಎಣಿಸಿಯೇ ಹೊರಡುವವನು ನಾನು. ಭಾನುವಾರ ಪಾದ್ರಿ ಬೋಧನೆಯನ್ನು ಬೇಗ ಮುಗಿಸಿದರೆ, ಈತನಿಗೆ ಮೀನು ಹಿಡಿಯಲು ಹೋಗುವುದಿದೆ ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತೇನೆ. ಅಂಥವನು ಎಮಿಲ್ ಹ್ರೂಷ್ಕಾನ ಬಗ್ಗೆ ಬರೆಯಲು ಕೂತಿದ್ದಾನೆಂದರೆ ಊರಿನ ಹಳಬರು ನಕ್ಕಾರು. ನಗಲಿ. ಅವನ ಬಗ್ಗೆ ಬರೆಯಬೇಕಾದವನು ನಾನೇ.

ಮಿಸಿಸಿಪ್ಪಿ ದಂಡೆಯಲ್ಲಿರುವ ನಮ್ಮೂರು ಕಾರ್ವರ್ಸ್ ಬೆಂಡ್‌ನ ಬೇಸ್‌ಬಾಲ್ ಮೈದಾನವನ್ನು ಎಮಿಲ್ ಇಪ್ಪತ್ತಮೂರು ವರ್ಷ ನೋಡಿಕೊಂಡ. ಹುಲ್ಲು ಕತ್ತರಿಸುವುದು, ಗೆರೆ ಹಾಕುವುದು ಯಾರಿಗೂ ಬರುತ್ತದೆ. ಎಮಿಲ್‌ನ ಪ್ರಾಣವೆಲ್ಲ ಇದ್ದದ್ದು ನಡುವಿನ ದಿಬ್ಬದಲ್ಲಿ, ಪಿಚರ್ ನಿಂತು ಚೆಂಡೆಸೆಯುವ ಆ ಜೇಡಿಮಣ್ಣಿನ ಗುಪ್ಪೆಯಲ್ಲಿ. ಬೆಳಿಗ್ಗೆ ಆರಕ್ಕೆ ಒಬ್ಬನೇ ಬಂದು ಮಣ್ಣಿಗೆ ನೀರು ಚಿಮುಕಿಸಿ, ಕುಟ್ಟಿ, ದಾರ ಎಳೆದು, ಬಡಗಿಯ ಮಟ್ಟಪಲಗೆ ಇಟ್ಟು ನೋಡುತ್ತಿದ್ದ. ಯಾರಾದರೂ ಬೂಟುಗಾಲಿನಲ್ಲಿ ಹತ್ತಿರ ಹೋದರೆ, "ಏಯ್, ಅದೇನು ನಿಮ್ಮಪ್ಪನ ಜಗಲೀನಾ? ಇಳಿಯಯ್ಯಾ ಕೆಳಗೆ!" ಎನ್ನುತ್ತಿದ್ದ. ಅದು ಬಿಟ್ಟರೆ ಇಡೀ ದಿನ ಅವನ ಬಾಯಿಂದ ಹತ್ತು ಮಾತು ಬಂದರೆ ಹೆಚ್ಚು.

ನಾನು ವಾರ್ಡ್ ಗಿಲ್‌ಫಾಯ್ಲ್. ಊರಿನ ಪತ್ರಿಕೆಯಲ್ಲಿ ಆಟದ ಪುಟ ನನ್ನದು. ನಮ್ಮ ಮೈದಾನದ ಆಟಗಳಿಗೆಲ್ಲ ಲೀಗ್ ನೇಮಿಸಿದ ಸ್ಕೋರರ್ ಕೂಡ ನಾನೇ. ಬ್ಯಾಟಿನಿಂದ ಹೋದ ಚೆಂಡು ಕೈಗೆ ಸಿಗದೆ ದಾಟಿತೆಂದರೆ ಅದು ಹೊಡೆದವನ ಜಾಣತನವೋ, ಹಿಡಿಯಬೇಕಿದ್ದವನ ತಪ್ಪೋ ಎಂದು ತೀರ್ಮಾನಿಸುವುದು ಸ್ಕೋರರ್. ಹಿಡಿಯುವವನ ತಪ್ಪೆಂದು ಬರೆದರೆ, ಅದರಿಂದ ಬಂದ ರನ್ ಪಿಚರ್‌ನ ತಲೆಗೆ ಬರುವುದಿಲ್ಲ. ಪ್ರತಿ ಭಾನುವಾರ ಲೀಗಿನ ಮುಂಚೂಣಿಯ ಆಟಗಾರರ ಪಟ್ಟಿ ಅಚ್ಚಾಗುತ್ತಿತ್ತು. ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಅತಿ ಕಡಿಮೆ ರನ್ ತಲೆಗೆ ಬಂದ ಪಿಚರ್ ಮೇಲೆ, ಉಳಿದವರು ಕೆಳಗೆ. ಅತಿ ಹೆಚ್ಚು ತಪ್ಪು ಮಾಡಿದವರ ಪಟ್ಟಿಯನ್ನೂ ಹಾಕುತ್ತಿದ್ದೆ. ಜನ ಮೊದಲು ಓದುತ್ತಿದ್ದದ್ದು ಅದನ್ನೇ.

ಆ ಪಟ್ಟಿಗಳು ಹೇಗೆ ಬದಲಾದವು ಎಂಬುದನ್ನು ನೋಡುತ್ತಲೇ ನನ್ನ ಕೂದಲು ನೆರೆಯಿತು. ನಾನು ಕೆಲಸಕ್ಕೆ ಸೇರಿದಾಗ ಪಿಚರ್ ಎಂದರೆ ಶುರು ಮಾಡಿದ ಆಟವನ್ನು ತಾನೇ ಮುಗಿಸುವವನು. ಈಗ ಐದು ಇನ್ನಿಂಗ್ಸ್ ಎಸೆದು ಭುಜಕ್ಕೆ ಐಸ್ ಕಟ್ಟಿಸಿಕೊಂಡು ಕೂರುತ್ತಾರೆ. ನಡುವೆ ಒಂದು ಕಾಲ ಬಂದಿತ್ತು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಪಿಚರ್‌ಗಳ ಹಾವಳಿ ಎಷ್ಟಾಯಿತೆಂದರೆ ದೇಶದಲ್ಲಿ ಯಾರಿಗೂ ಚೆಂಡು ಹೊಡೆಯಲಾಗಲಿಲ್ಲ. ಮರುವರ್ಷ ದೊಡ್ಡ ಲೀಗಿನವರು ಸಭೆ ಕೂಡಿ, ಹದಿನೈದು ಇಂಚಿದ್ದ ದಿಬ್ಬವನ್ನು ಹತ್ತಕ್ಕೆ ಇಳಿಸಿದರು. ಎತ್ತರದಿಂದ ಎಸೆದ ಚೆಂಡಿನ ಬಿರುಸು ಹೋಯಿತು, ಪಿಚರ್‌ಗಳ ಸೊಕ್ಕೂ ಇಳಿಯಿತು, ಎಲ್ಲ ಊರುಗಳಲ್ಲೂ ರನ್ನುಗಳು ಹರಿದವು.

ನಮ್ಮೂರಿನಲ್ಲಿ ಮಾತ್ರ ಹರಿಯಲಿಲ್ಲ. ಎಪ್ಪತ್ತೆರಡರ ಆಗಸ್ಟ್‌ನಲ್ಲಿ ಲೀಗಿನ ಮೊದಲ ಐದು ಪಿಚರ್‌ಗಳಲ್ಲಿ ಮೂವರು ನಮ್ಮವರು. ನನ್ನ ತಲೆಗೆ ಹುಳ ಹೊಕ್ಕಿತು. ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ. ನಮ್ಮ ಪಿಚರ್‌ಗಳು ಪರ ಊರಿನಲ್ಲಿ ಒಂಬತ್ತು ಇನ್ನಿಂಗ್ಸಿಗೆ ಮೂರು ರನ್ನಿಗೂ ಮೇಲೆ ಕೊಟ್ಟಿದ್ದಾರೆ. ನಮ್ಮ ಮೈದಾನದಲ್ಲಿ ಎರಡರ ಆಸುಪಾಸು. ಅದೇ ಹುಡುಗರು, ಅದೇ ತೋಳುಗಳು. ಹಾಗಾದರೆ ವ್ಯತ್ಯಾಸ ಎಲ್ಲಿ? ದಿಬ್ಬದಲ್ಲಿ! ಎಮಿಲ್ ಯಾಕೆ ಬೆಳಿಗ್ಗೆ ಆರಕ್ಕೇ ಬರುತ್ತಾನೆ? ಯಾಕೆ ಒಬ್ಬನೇ ಅಳೆಯುತ್ತಾನೆ? ಯಾಕೆ ಯಾರನ್ನೂ ಹತ್ತಿರ ಬಿಡುವುದಿಲ್ಲ? ಇಪ್ಪತ್ತು ವರ್ಷ ಅವನ ಜೊತೆ ಕಾಫಿ ಕುಡಿದಿದ್ದೆ. ಆ ಮಧ್ಯಾಹ್ನದಿಂದ ಅವನ ನೀರಿನ ಡಬ್ಬಿಯೂ ನನ್ನ ಕಣ್ಣಿಗೆ ಕಳ್ಳಮಾಲಿನಂತೆ ಕಾಣತೊಡಗಿತು.

ಮೆಲ್ಲಗೆ ಕೆಣಕಿ ನೋಡಿದೆ. "ಏನಪ್ಪಾ ಎಮಿಲ್, ನಮ್ ದಿಬ್ಬ ಸ್ವಲ್ಪ ಬೆಳೆದಂಗಿದೆ. ಗೊಬ್ಬರ ಗಿಬ್ಬರ ಹಾಕ್ತಿದ್ದೀಯಾ?"

"ನೀನು ಕುಗ್ಗಿರ್ಬೇಕು," ಎಂದ ಎಮಿಲ್, ಮಣ್ಣು ಕುಟ್ಟುತ್ತಲೇ.

"ತಮಾಷೆಯಲ್ಲ ಮಾರಾಯ. ನಮ್ಮವರಿಗೆ ಇಲ್ಲಿ ಹೊಡೆಯೋರೇ ಇಲ್ಲ ನೋಡು."

"ಬೇರೆ ಊರಿನ ಪಿಚರೂ ಇದರ ಮೇಲೇ ನಿಂತ್ಕೊತಾನಲ್ಲಯ್ಯ. ಅವನಿಗೇನು ಬೇರೆ ದಿಬ್ಬ ಹಾಕ್ಕೊಡ್ತೀನಾ?"

ಮಾತು ಸರಿಯಾಗಿತ್ತು. ಆದರೆ ಅನುಮಾನದವನಿಗೆ ಸರಿಯಾದ ಉತ್ತರ ಸಿಕ್ಕರೆ ಅನುಮಾನ ಇನ್ನೂ ಹೆಚ್ಚುತ್ತದೆ. ಉತ್ತರವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿದ್ದಾನೆ, ಎಂದುಕೊಂಡೆ. ಅವತ್ತೇ ಲೀಗಿನ ಕಚೇರಿಗೆ ಅಂಕಿಗಳ ಸಮೇತ ಪತ್ರ ಬರೆದೆ. ಹೆಸರು ಹಾಕಲಿಲ್ಲ. ನಾಚಿಕೆಗೇಡು, ಆದರೆ ನಡೆದದ್ದನ್ನು ನಡೆದಂತೆ ಹೇಳಬೇಕು.

ವಾರದೊಳಗೆ ಕ್ಲಬ್ಬಿನ ವ್ಯವಸ್ಥಾಪಕ ಆರ್ಲೊ ಪೆಟ್ಟಿಗ್ರೂಗೆ ಫೋನ್ ಬಂತು. ಲೀಗಿನವರು ಬಂದು ಅಳೆಯುವ ತನಕ ಎಮಿಲ್ ಮೈದಾನಕ್ಕೆ ಕಾಲಿಡಬಾರದು. ಅರ್ಧ ಇಂಚು ಹೆಚ್ಚು ಸಿಕ್ಕರೂ ಅವನ ಕೆಲಸ ಹೋದಂತೆಯೇ. ಅರವತ್ತೊಂದು ವರ್ಷದ ಎಮಿಲ್‌ಗೆ ಆ ಮಣ್ಣು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅವನು ಬೀಗದ ಕೈಗಳನ್ನು ಆರ್ಲೊನ ಮೇಜಿನ ಮೇಲಿಟ್ಟು, "ಮಣ್ಣು ಒಣಗಕ್ಕೆ ಬಿಡಬೇಡಿ," ಎಂದಷ್ಟೇ ಹೇಳಿ ಮನೆಗೆ ಹೋದ. ಊರು ಗುಸುಗುಸು ಶುರುಮಾಡಿತು. ಕ್ಷೌರದಂಗಡಿಯಲ್ಲಿ ಯಾರೋ, "ಆ ಮೌನಿಗಳನ್ನ ನಂಬಬಾರ್ದು ಕಣ್ರೀ," ಎಂದರು. ನಾನು ತಲೆಯಾಡಿಸಿದೆ.

ಲೀಗಿನಿಂದ ಬಂದವನು ಕ್ವಿಸ್ಟ್ ಎಂಬ ತೆಳ್ಳನೆಯ ಮನುಷ್ಯ. ಅವನು ಎಮಿಲ್‌ನನ್ನೂ ನನ್ನನ್ನೂ ಮೈದಾನಕ್ಕೆ ಕರೆಸಿದ. ರಸ್ತೆ ಅಳೆಯುವವರ ಮುಕ್ಕಾಲಿ ಯಂತ್ರವನ್ನು ನೆಟ್ಟು, ಒಂದು ಕಣ್ಣು ಮುಚ್ಚಿ, ನಾಲ್ಕು ಸಲ ನೋಡಿದ. ನಾನು ಅವನ ಹೆಗಲ ಹಿಂದಿನಿಂದ ಇಣುಕುತ್ತಿದ್ದೆ. ಎಮಿಲ್ ಮಾತ್ರ ಹತ್ತು ದಿನ ನೀರು ಕಾಣದೆ ಬಿರುಕುಬಿಟ್ಟ ಅಂಚನ್ನೇ ನೋಡುತ್ತಿದ್ದ.

"ಹತ್ತು ಇಂಚು," ಎಂದ ಕ್ವಿಸ್ಟ್. "ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಹ್ರೂಷ್ಕಾ ಅವರೇ, ನಾನು ಎಂಟು ಊರಿನ ದಿಬ್ಬ ಅಳೆದಿದ್ದೀನಿ. ಹಿಂಗೆ ಕೂತಿದ್ದು ಇದೊಂದೇ."

ಎಮಿಲ್ ಹೂಂ ಎಂದ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. "ಹಂಗಾದ್ರೆ ಆ ಲೆಕ್ಕ ಹೆಂಗೆ ಬಂತು ಸಾರ್?" ಎಂದು ಕೇಳಿಯೇಬಿಟ್ಟೆ.

ಕ್ವಿಸ್ಟ್ ಜೇಬಿನಿಂದ ನನ್ನದೇ ಪತ್ರ ತೆಗೆದ. "ಲೆಕ್ಕ ತಪ್ಪಿಲ್ಲ. ಯಾರು ಬರೆದಿದ್ದಾರೋ, ಅವರು ಅರ್ಧ ಮಾತ್ರ ನೋಡಿದ್ದಾರೆ. ನಾನು ಒಟ್ಟು ರನ್ ಕೂಡಿಸ್ದೆ. ಪಿಚರ್ ತಲೆಗೆ ಬಂದಿದ್ದು, ಬರದೇ ಇದ್ದಿದ್ದು, ಎಲ್ಲಾನೂ. ಪರ ಊರಲ್ಲಿ ನಿಮ್ಮೋರು ಕೊಟ್ಟಿದ್ದು ಇನ್ನೂರ ಹದಿನೇಳು. ಇಲ್ಲಿ ಇನ್ನೂರ ಹದಿನಾಲ್ಕು."

"ಅಂದ್ರೆ?"

"ಅಂದ್ರೆ ದಿಬ್ಬ ಏನೂ ಮಾಡಿಲ್ಲ. ರನ್ನು ಎಲ್ಲಾ ಕಡೆ ಒಂದೇ ಥರ ಬಂದಿದೆ. ಇಲ್ಲಿ ಮಾತ್ರ ಅದು ಪಿಚರ್ ತಲೆಗೆ ಹೋಗದೆ, ಹಿಡಿಯೋರ ತಲೆಗೆ ಹೋಗಿದೆ. ಪರ ಊರಲ್ಲಿ ನಿಮ್ಮ ತಂಡದ ತಪ್ಪು ನಲವತ್ತೊಂಬತ್ತು. ಇಲ್ಲಿ ನೂರ ಒಂದು." ಅವನು ನನ್ನ ಮುಖವನ್ನೇ ನೋಡಿದ. "ಇಲ್ಲಿ ಬರೆಯೋರು ನೀವೇ ಅಲ್ವಾ?"

ನಾನು ಯಾರಿಂದಲೂ ಒಂದು ಸಿಗಾರನ್ನೂ ಪಡೆದವನಲ್ಲ, ಯಾರಿಗೂ ಬೇಕೆಂದೇ ಮೋಸ ಮಾಡಿದವನಲ್ಲ. ಆದರೆ ನಮ್ಮ ಪಿಚರ್ ಎಸೆದ ಚೆಂಡು ಎದುರಿನವರ ಬ್ಯಾಟಿಗೆ ತಗುಲಿ ನಮ್ಮವರ ಸಂದಿನಲ್ಲಿ ನುಸುಳಿ ಹೋದಾಗಲೆಲ್ಲ, ಇದಕ್ಕೆ ಯಾರೋ ಕಾರಣ ಇರಲೇಬೇಕು ಎಂದು ನನ್ನ ಕಣ್ಣು ಒಬ್ಬನನ್ನು ಹುಡುಕುತ್ತಿತ್ತು. ಚೆನ್ನಾಗಿ ಹೊಡೆದ ಚೆಂಡು ತಾನಾಗಿಯೇ ಹೋಗಬಹುದು ಎಂಬುದನ್ನು ನಾನು ಒಪ್ಪುತ್ತಲೇ ಇರಲಿಲ್ಲ. ನನ್ನ ಹುಟ್ಟುಗುಣ ಪೆನ್ಸಿಲಿಗೂ ಹತ್ತಿಬಿಟ್ಟಿತ್ತು.

ಪತ್ರ ಯಾರದ್ದೆಂದು ಕ್ವಿಸ್ಟ್ ಹೇಳಲಿಲ್ಲ. ಎಮಿಲ್ ಕೇಳಲೂ ಇಲ್ಲ. ಅಂಥ ಲೆಕ್ಕ ಊರಿನಲ್ಲಿ ಇನ್ಯಾರಿಗೆ ಬರುತ್ತದೆ? ಅವನು ಆರ್ಲೊನಿಂದ ಬೀಗದ ಕೈಗಳನ್ನು ಇಸಕೊಂಡು, ನೀರಿನ ಡಬ್ಬಿ ತರಲು ಹೋದ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಅವನ ಹೆಂಡತಿ ಲಿಬೂಷಾ ಬಾಗಿಲು ತೆಗೆದಳು. ಯಾವಾಗಲೂ ಒಲೆಯ ಮೇಲಿಂದಲೇ ಪ್ಲಮ್ ತುಂಬಿದ ಬನ್ ಎತ್ತಿ ಕೊಡುತ್ತಿದ್ದವಳು ಅವತ್ತು ಕುರ್ಚಿಯನ್ನೂ ತೋರಿಸಲಿಲ್ಲ.

"ಎಮಿಲ್, ತಪ್ಪಾಯ್ತು ಕಣಯ್ಯ," ಎಂದೆ ನಿಂತುಕೊಂಡೇ. "ನಿನ್ನ ಅನ್ನಕ್ಕೇ ಕಲ್ಲು ಹಾಕಿದ್ದೆ."

"ನಂದು ಬಿಡು. ನನ್ನ ದಿಬ್ಬ ಇತ್ತು, ಅಳೆದ್ರು, ಸರಿ ಇತ್ತು." ಅವನು ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವುದನ್ನು ನಿಲ್ಲಿಸಿದ. "ಲಾನೀದು ಏನಯ್ಯ ಮಾಡ್ತೀಯಾ?"

ಲಾನಿ ಟೀಗ್ ನಮ್ಮ ತಂಡದಲ್ಲಿ ಮೂರನೇ ಬೇಸ್ ಕಾಯುತ್ತ ಆ ಕಡೆ ಬಂದ ಚೆಂಡು ಹಿಡಿಯುತ್ತಿದ್ದವನು, ಇಪ್ಪತ್ತೈದು ವಯಸ್ಸಿನ, ಮಿಸ್ಸೂರಿ ರಾಜ್ಯದವನು. ತಂಡದಲ್ಲಿ ಇದ್ದಷ್ಟು ದಿನ ಎಮಿಲ್‌ನ ಮಹಡಿಯ ಕೋಣೆಯಲ್ಲೇ ಇದ್ದು, ಅವರ ಮೇಜಿನಲ್ಲೇ ಉಣ್ಣುತ್ತಿದ್ದ. ನನ್ನ ಭಾನುವಾರದ ತಪ್ಪುಗಳ ಪಟ್ಟಿಯಲ್ಲಿ ಎಂಟು ವಾರ ಅವನದೇ ಮೊದಲ ಹೆಸರು. ಜುಲೈನಲ್ಲಿ ಕ್ಲಬ್ ಅವನನ್ನು ತೆಗೆದುಹಾಕಿತ್ತು.

"ದಿನಾ ಇಲ್ಲೇ ಕೂತು ತನ್ನ ಕೈ ನೋಡ್ಕೊತಿದ್ದ," ಎಂದ ಎಮಿಲ್. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "'ಎಮಿಲ್, ಚೆಂಡು ಸರಿಯಾಗೇ ಕಾಣುತ್ತೆ, ಓಡೋದೂ ಸರಿಯಾಗೇ ಓಡ್ತೀನಿ, ಆದ್ರೂ ತಪ್ಪು ಅಂತಾರೆ, ನಂಗೇನಾಗಿದೆ?' ಅಂತಿದ್ದ. ನೆಲದಲ್ಲಿ ಕಲ್ಲಿದೆಯಾ ಅಂತ ನಾನು ಹೋಗಿ ಕೈಯಲ್ಲಿ ಸವರಿ ನೋಡ್ತಿದ್ದೆ. ಒಂದೂ ಇರ್ತಿರ್ಲಿಲ್ಲ. ಮತ್ತೆ ಇನ್ನೇನು? ಅವನದ್ದೇ ತಪ್ಪು ಅಂತ ಅವನಿಗೇ ಬೈದೆ. ಮೈಗಳ್ಳ ಅಂದೆ. ವಾರ್ಡ್ ಬರೆದಿದ್ದಾನೆ ಅಂದ್ರೆ ಸರಿಯಾಗೇ ಇರುತ್ತೆ ಅಂದೆ. ನಿನ್ನನ್ನ ನಾನು ಯಾವತ್ತಾದ್ರೂ ಅಳೆದಿದ್ದೀನೇನಯ್ಯ?"

ಬೇರೆಯವರ ಮೇಲೆಲ್ಲ ಕಣ್ಣಿಟ್ಟವನು ನಾನು. ನನ್ನ ಮೇಲೆ ಕಣ್ಣಿಡದೆ ನಂಬಿದವನು ಎಮಿಲ್, ಆ ನಂಬಿಕೆಯಿಂದಲೇ ಮನೆಮಗನಂತಿದ್ದವನ ಮನಸ್ಸು ಮುರಿದಿದ್ದ. ಬರೆದ ತೀರ್ಪನ್ನು ತಿದ್ದಲು ಲೀಗಿನಲ್ಲಿ ಒಂದೇ ದಿನದ ಗಡುವು. ವರ್ಷದ ಪುಸ್ತಕದಲ್ಲಿ ನಮ್ಮ ಪಿಚರ್‌ಗಳು ಮೇಲಿನ ಸಾಲಿನಲ್ಲೇ ಉಳಿಯುತ್ತಾರೆ, ಲಾನಿಯ ತಪ್ಪುಗಳೂ ಹಾಗೇ ಉಳಿಯುತ್ತವೆ. ಲೀಗಿನ ಯಾವ ನಿಯಮವೂ ಅದನ್ನು ಅಳಿಸುವುದಿಲ್ಲ.

ನಾನು ಮನೆಗೆ ಹೋಗಿ ಆ ವರ್ಷದ ಸ್ಕೋರ್ ಪುಸ್ತಕ ಹರಡಿಕೊಂಡು ಕೂತೆ. ಪ್ರತಿ ಚೆಂಡಿನ ಪಕ್ಕ ಟಿಪ್ಪಣಿ ಬರೆಯುವ ಅಭ್ಯಾಸ ನನಗಿತ್ತು. ನಮ್ಮ ಮೈದಾನದಲ್ಲಿ ಲಾನಿಯ ಹೆಸರಿಗೆ ಹಾಕಿದ್ದ ಇಪ್ಪತ್ತೊಂಬತ್ತು ತಪ್ಪುಗಳನ್ನು, ಅವನು ಎದುರು ತಂಡದವನು ಎಂದುಕೊಂಡು ಒಂದೊಂದಾಗಿ ಓದಿದೆ. ಹದಿನೇಳು ತಪ್ಪುಗಳೇ ಆಗಿರಲಿಲ್ಲ.

ಮಧ್ಯಾಹ್ನ ಪುಸ್ತಕ ಹಿಡಿದು ಮತ್ತೆ ಎಮಿಲ್‌ನ ಮನೆಗೆ ಬಂದೆ. ಲಿಬೂಷಾ ಅಡುಗೆಮನೆಯ ಗೋಡೆಯಲ್ಲಿದ್ದ ಫೋನಿನಲ್ಲಿ ಲಾನಿಯ ನಂಬರ್ ತಿರುಗಿಸಿ ನನ್ನ ಕೈಗೆ ಕೊಟ್ಟಳು. ಲಾನಿ ಈಗ ತನ್ನೂರಿನ ಕಾಳಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ.

"ಲಾನಿ, ನಾನಪ್ಪಾ, ವಾರ್ಡ್ ಗಿಲ್‌ಫಾಯ್ಲ್. ಸ್ಕೋರರ್. ನಿನ್ನ ಕೈಯಲ್ಲಿ ಏನೂ ದೋಷ ಇರ್ಲಿಲ್ಲ ಕಣೋ. ನಾನು ತಪ್ಪು ಬರ್ದೆ."

ಆ ಕಡೆ ಲಾರಿಯೊಂದು ನಿಂತ ಸದ್ದು ಕೇಳಿಸಿತು.

"ಎಷ್ಟು?" ಎಂದ.

"ಹದಿನೇಳು."

"ಓದಿ."

"ಯಾಕಪ್ಪಾ, ಎಲ್ಲಾನೂ..."

"ಒಂದೊಂದೇ ಓದಿ ಸಾರ್."

ನಾನು ಓದತೊಡಗಿದೆ. ಮೇ ನಾಲ್ಕು, ಆರನೇ ಇನ್ನಿಂಗ್ಸ್, ಎಡಕ್ಕೆ ಜಿಗಿದು ಮುಟ್ಟಿದ ಚೆಂಡು. "ಹೂಂ, ಅದು ಬೆರಳ ತುದೀಗೆ ತಾಗಿತ್ತು," ಎಂದ. ಮೇ ಒಂಬತ್ತು, ಗೆರೆಗೆ ಒತ್ತಿ ಬಂದದ್ದು. "ಗೊತ್ತು. ಮಳೆ ಹನೀತಿತ್ತು ಅವತ್ತು." ಒಂದನ್ನೂ ಅವನು ಮರೆತಿರಲಿಲ್ಲ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಅವನ ದನಿ ಒಡೆದಿತ್ತು. "ಮುಂದಿಂದು," ಎಂದ ಲಾನಿ. ಎಮಿಲ್ ಮೇಜಿನ ಮೇಲೆ ಎರಡೂ ಕೈ ಊರಿ ಕೇಳುತ್ತ ಕೂತಿದ್ದ. ನಾನು ಕಣ್ಣೊರೆಸಿಕೊಂಡು ಹತ್ತನೆಯದನ್ನು ಓದಿದೆ.